ಬೀಗರ ಪೆನ್ ಡ್ರೈವ್

ಹೂಟಗಳ್ಳಿಯ ಬಸವರಾಜುವಿನ ಮನೆಗೆ ಚಪ್ಪಲಿ ಹಾಕಿಕೊಂಡೇ ನುಗ್ಗಿದರೂ ಆತ ಸಹಿಸಿಯಾನು, ತಪಾಸಣೆ ಇಲ್ಲದೆ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿದರೆ ಮಾತ್ರ ಮುಗಿಯಿತು. ಹೆಬ್ಬಾಳದ ಕಾರ್ಖಾನೆಯೊಂದರ ಗೇಟಿನಲ್ಲಿ ಇಪ್ಪತ್ತನಾಲ್ಕು ವರ್ಷ ಜನರ ಟಿಫಿನ್ ಕ್ಯಾರಿಯರ್ ಬಿಚ್ಚಿಸಿ ನೋಡಿದ ಆಸಾಮಿ. ಭಾಮೈದ ಸಾಗರ್ ಒಂದು ಅರ್ಜಿ ಪ್ರಿಂಟ್ ಹಾಕಿಸಲು ಬಂದರೂ ಆ್ಯಂಟಿವೈರಸ್ ಓಡಿಸಿ ಅರ್ಧ ಗಂಟೆ ಕೂರಿಸುತ್ತಿದ್ದ.

"ಇದೇನು ಕಂಪ್ಯೂಟ್ರಾ, ಖಜಾನೇನಾ ಭಾವ?" ಎಂದು ಸಾಗರ್ ರೇಗುತ್ತಿದ್ದ.

ಖಜಾನೆಯೇ. ಬಸವರಾಜುವಿನ ತಾಯಿ ಪುಟ್ಟತಾಯಮ್ಮ ಸಾಯುವ ಮುಂಚಿನ ಎರಡು ವರ್ಷದಲ್ಲಿ ಹಾಡಿದ ಮೂವತ್ತೊಂದು ಸೋಬಾನೆ ಪದಗಳು ಅದರಲ್ಲಿದ್ದವು. ಮೊಬೈಲ್ ತುಂಬಿಹೋಯಿತೆಂದು ಅಲ್ಲಿಗೆ ಸಾಗಿಸಿ ಮೊಬೈಲಿನಿಂದ ಅಳಿಸಿದ್ದ. ಇನ್ನೊಂದು ಪ್ರತಿ ಮಾಡಿಡಪ್ಪ ಎಂದು ಮಗಳು ಸಿಂಚನ ಬಡಿದುಕೊಂಡಳು. ಪ್ರತಿ ಮಾಡಿದರೆ ಅದು ಯಾರ ಜೇಬು ಸೇರುತ್ತದೋ ಯಾರು ಬಲ್ಲರು ಎಂಬುದು ಈತನ ವಾದ. ಎಂಥ ಬುದ್ಧಿ ನೋಡಿ.

ಸಿಂಚನಳ ಮದುವೆಯಾದ ಹದಿನೈದನೇ ದಿನಕ್ಕೆ ಚಾಮರಾಜಪುರಂನಿಂದ ಬೀಗರು ರಾಮಸ್ವಾಮಿ ಬಂದರು. ಬಾಳೆಹಣ್ಣಿನ ಚಿಪ್ಪು, ಮೈಸೂರುಪಾಕಿನ ಡಬ್ಬ, ಜೊತೆಗೆ ಮದುವೆ ಫೋಟೊಗಳಿದ್ದ ಪೆನ್ ಡ್ರೈವ್. ಬಸವರಾಜು ಎಂದಿನಂತೆ ತಪಾಸಣೆಗೆಂದು ಕೈ ಚಾಚಿದವನು ಅರ್ಧದಲ್ಲೇ ತಡೆದುಕೊಂಡ. ತಾನು ಮಗಳನ್ನು ಕೊಟ್ಟ ಮನೆಯವರು ತಂದದ್ದನ್ನು ಅವರೆದುರೇ ಪರೀಕ್ಷಿಸುವುದುಂಟೆ? ಹೆಂಡತಿ ಭಾಗ್ಯ ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಗದರಿಸಿದಳು. ಸರಿ, ಚುಚ್ಚಿದ.

ಆ್ಯಂಟಿವೈರಸ್ ಸುಮ್ಮನಿರಲಿಲ್ಲ, ಪಾಪ. ಪರದೆಯ ನಡುಮಧ್ಯೆ ಕೆಂಪು ಪೆಟ್ಟಿಗೆ ತೆರೆದು, ಇದರಲ್ಲಿ ಅಪಾಯವಿದೆ, ತಡೆಯಲೇ ಎಂದು ಕೇಳಿತು. ಬೀಗರು ಹಿಂದೆಯೇ ನಿಂತಿದ್ದರು. ಅವರ ಕಣ್ಣಿಗೆ ಬೀಳುವ ಮೊದಲೇ ಮಾಯ ಮಾಡಬೇಕೆಂದು ಬಸವರಾಜು ತಟಕ್ಕನೆ 'ಅನುಮತಿಸು' ಒತ್ತಿಬಿಟ್ಟ. ಮದುವೆ ಫೋಟೊ ಎಂದು ಹೆಸರಿದ್ದುದನ್ನೂ ತಾನೇ ತೆರೆದ. ಜೀವಮಾನದಲ್ಲಿ ಒಬ್ಬನನ್ನು ತಪಾಸಣೆಯಿಲ್ಲದೆ ಒಳಗೆ ಬಿಟ್ಟ ಪುಣ್ಯಾತ್ಮ!

ಸಂಜೆಯೊಳಗೆ ಒಂದು ಕಡತವೂ ತೆರೆಯದಾಯಿತು. ಎಲ್ಲಕ್ಕೂ ಬೀಗ, ಬಿಡಿಸಬೇಕಾದರೆ ದುಡ್ಡು ಕಳಿಸಿ ಎಂಬ ಒಕ್ಕಣೆ. ರಿಪೇರಿ ಅಂಗಡಿಯವನು ನಾಲ್ಕು ದಿನ ಇಟ್ಟುಕೊಂಡು, "ಹೋದ್ದು ಹೋಯ್ತು ಕಣ್ರೀ" ಎಂದು ತೊಳೆದಿಟ್ಟಂತೆ ಖಾಲಿ ಮಾಡಿ ಕೊಟ್ಟ. ಬಸವರಾಜು ಎರಡು ದಿನ ಊಟ ಬಿಟ್ಟ. ಭಾಗ್ಯ ಒಂದೇ ಮಾತು ಹಿಡಿದಳು: "ಬೀಗ್ರ ಕಿವಿಗೆ ಬೀಳ್ಬಾರ್ದು. ಮಗ್ಳು ಅಲ್ಲಿ ಬಾಳ್ಬೇಕು."

ತಿಂಗಳು ಕಳೆದು ರಾಮಸ್ವಾಮಿ ಮತ್ತೆ ಬಂದರು, ಈ ಸಲ ಆರತಕ್ಷತೆಯ ವಿಡಿಯೊ. ಅದೇ ಪೆನ್ ಡ್ರೈವ್. ಬಸವರಾಜುವಿಗೆ ತಲೆ ಕೆಟ್ಟುಹೋಯಿತು.

"ಬೀಗ್ರೇ, ತಪ್ಪು ತಿಳೀಬೇಡಿ. ಇದನ್ನ ಹಾಕಲ್ಲ. ಇದ್ರಲ್ಲಿ ವೈರಸ್ಸೈತೆ."

ಕಾಫಿ ತಂದ ಭಾಗ್ಯ ನಿಂತಲ್ಲೇ ನಿಂತಳು. ರಾಮಸ್ವಾಮಿಯವರ ಮುಖ ಸಣ್ಣಗಾಯಿತು, ಆದರೆ ಕೋಪ ಬರಲಿಲ್ಲ.

"ಇನ್ನೂ ಐತಾ? ಹೋಗಿರ್ತದೆ ಅಂದ್ಕೊಂಡಿದ್ದೆ," ಎಂದರು. "ಇದನ್ನ ಹಾಕ್ದಾಗ ನಮ್ಮನೇಲೂ ಮೊದ್ಲೇ ವೈರಸ್ ಅಂತ ಬಂದಿತ್ತು. ಅವತ್ತು ನಿಮ್ಮಲ್ಲಿ ಕೆಂಪು ಪೆಟ್ಗೆ ಬಂತಲ್ಲ, ನಾನೂ ನೋಡ್ದೆ. ಬ್ಯಾಡಿ, ತಡೀರಿ ಅನ್ನಾಣ ಅಂತ ಬಾಯಿಗೆ ಬಂದಿತ್ತು. ಹೊಸ ಬೀಗ್ರ ಮುಂದೆ ನಮ್ದೇ ಕೆಟ್ಟದ್ದು ಅಂತ ಎಂಗೆ ಹೇಳ್ಲಿ? ಸುಮ್ಕಾಗ್ಬುಟ್ಟೆ."

ಬಸವರಾಜು ಅವರನ್ನೇ ನೋಡಿದ. "ಒಂದು ಮಾತು ಅಂದಿದ್ರೆ ಆಗ್ತಿತ್ತಲ್ರೀ."

"ನೀವೂ ನೋಡಿದ್ರಲ್ಲ, ನೀವ್ಯಾಕೆ ಒತ್ತಿದ್ರಿ?"

ಬಸವರಾಜು ಭಾಗ್ಯಳ ಕೈಯಿಂದ ಲೋಟ ತೆಗೆದು ಬೀಗರ ಮುಂದಿಟ್ಟ.

"ಆ ಕಂಪ್ಯೂಟ್ರಲ್ಲಿ ನಮ್ಮವ್ವ ಇದ್ಲು," ಎಂದ.