ಪಿತ್ತವಿಲ್ಲದವಳ ಕಾಮಾಲೆ

ಆ ವರ್ಷ ಹೊಗೆಸೊಪ್ಪು ಕಟ್ಟುವ ಹೊತ್ತಿಗೆ ನನಗೆ ತುರಿಕೆ ಶುರುವಾಯಿತು. ಮೊದಲು ಅಂಗೈ, ಆಮೇಲೆ ಅಂಗಾಲು, ಆಮೇಲೆ ಮೈಯೆಲ್ಲ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಸೊಪ್ಪನ್ನು ಬೆಂಕಿಯ ಕಾವಿಗೆ ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಮುಂದೆ ಹೆಂಗಸರೆಲ್ಲ ಸಾಲಾಗಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರೆ, ನಾನು ಒಂದು ಕಡ್ಡಿ ಮುಗಿಸುವಷ್ಟರಲ್ಲಿ ಹತ್ತು ಸಲ ಎದ್ದು ಹೋಗಿ ಕಂಬಕ್ಕೆ ಬೆನ್ನು ಉಜ್ಜಿ ಬರುತ್ತಿದ್ದೆ. ನಗುವವರಿಗೆ ಒಳ್ಳೆಯ ತಮಾಷೆ.

"ಸೊಪ್ಪಿನ ಅಂಟು ಕಣಮ್ಮಿ, ಸೀಗೆಪುಡಿ ಆಕಿ ತಿಕ್ಕೊಂಡು ಮೀಯಿ," ಅಂದರು ನಮ್ಮತ್ತೆ. ತಿಕ್ಕಿ ತಿಕ್ಕಿ ಚರ್ಮ ಕಿತ್ತುಬಂತೇ ಹೊರತು ತುರಿಕೆ ಹೋಗಲಿಲ್ಲ. ವಾಂತಿಯಾದರೆ ಅದೂ ಸೊಪ್ಪಿನದೇ ಅಂದರು. ಹಸಿಸೊಪ್ಪು ಮುಟ್ಟಿದವರಿಗೆ ತಲೆ ಸುತ್ತಿ ವಾಂತಿಯಾಗುವುದು ನಮ್ಮ ಗಾವಡಗೆರೆ ಕಡೆ ಹೊಸದೇನಲ್ಲ. ಮದುವೆಯಾಗಿ ಬಂದ ವರ್ಷ ನನಗೂ ಆಗಿತ್ತು. ಆದರೆ ಇಪ್ಪತ್ತು ವರ್ಷ ಸೊಪ್ಪು ಕಟ್ಟಿದ ಕೈಗೆ ಈಗ ಹೊಸದಾಗಿ ಸೊಪ್ಪು ಒಗ್ಗದೆ ಹೋಗುತ್ತದೆಯೇ?

ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ನನ್ನ ಪಿತ್ತಕೋಶ ತೆಗೆದಿದ್ದರು. ಹೊಟ್ಟೆ ಕೊಯ್ಯದೆ, ನಾಲ್ಕು ಸಣ್ಣ ತೂತು ಹಾಕಿ ಮುಗಿಸಿ, ಮೂರನೇ ದಿನ ಮನೆಗೆ ಕಳಿಸಿದ್ದರು. ಒಳಗಿದ್ದ ಕಲ್ಲುಗಳನ್ನು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಟ್ಟಿದ್ದರು. ನಮ್ಮ ಯಜಮಾನರು ಅದನ್ನು ಟಿವಿ ಪಕ್ಕ ಇಟ್ಟುಕೊಂಡು, ಬಂದವರಿಗೆ ಕಾಫಿ ಕೊಡುವ ಮುಂಚೆಯೇ ಅಲ್ಲಾಡಿಸಿ ತೋರಿಸುತ್ತಿದ್ದರು. ಕಲ್ಲು ಹೊತ್ತು ನೋವು ತಿಂದವಳು ನಾನು, ಜಂಬ ಅವರದು.

ಹಾಗಾಗಿ ಬಲಪಕ್ಕೆಯ ಹಳೇ ನೋವು ಮತ್ತೆ ಹೆಗಲವರೆಗೆ ಹತ್ತಿತು ಅಂತ ನಾನು ಅಂದಾಗ ಅವರು ಎದ್ದುಹೋಗಿ ಬಾಟಲಿ ತಂದರು.

"ಕಲ್ಲೆಲ್ಲಾ ಇಲ್ಲೇ ಅವೆ ನೋಡಮ್ಮಿ. ಚೀಲನೇ ಇಲ್ದ ಮ್ಯಾಲೆ ಕಲ್ಲು ಎಲ್ಲಿಂದ ಬತ್ತದೆ?"

"ಮೈಸೂರಿಗೆ ಹೋಗಿ ಕೇಳಾನ ಬನ್ನಿ."

"ಬ್ಯಾರನ್ ತುಂಬಾ ಸೊಪ್ಪದೆ. ಇಳಿಸ್ಬುಟ್ಟು ಓಗಾನ ಬುಡು."

ಒಂದು ಬ್ಯಾರನ್ ಇಳಿಸಿದರೆ ಇನ್ನೊಂದು ತುಂಬುತ್ತಿದ್ದರು. ನಾನು ದಿನಾ ಹೇಳಿದೆ, ಅನ್ನ ಬಡಿಸುವಾಗ ಹೇಳಿದೆ, ಪಾತ್ರೆ ಕುಕ್ಕಿ ಹೇಳಿದೆ. ಕೆಲಸ ತಪ್ಪಿಸಿಕೊಳ್ಳಲು ನಾಟಕ ಅಂತ ಓರಗಿತ್ತಿ ಯಾರಿಗೋ ಹೇಳಿದ್ದೂ ಕಿವಿಗೆ ಬಿತ್ತು. ನನಗೆ ಭಯವಾಗಿತ್ತು. ಸಾಯುತ್ತೇನೆ ಅನ್ನುವುದಕ್ಕಿಂತ, ಸುಳ್ಳುಗಾತಿ ಅನ್ನಿಸಿಕೊಂಡು ಸಾಯುತ್ತೇನೆ ಅಂತಲೇ ಸಿಟ್ಟು ಬರುತ್ತಿತ್ತು. ಒಬ್ಬಳೇ ಬಸ್ಸು ಹತ್ತಿ ಹೋಗಬಹುದಿತ್ತು. ಏಕೆ ಹೋಗಲಿಲ್ಲ ಅಂತ ಈಗ ನನ್ನನ್ನೇ ಬೈದುಕೊಳ್ಳುತ್ತೇನೆ.

ಕೊನೆಗೊಂದು ಬೆಳಿಗ್ಗೆ ಅತ್ತೆ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಮಗನ ಕಡೆ ತಿರುಗಿ "ಅಯ್ಯೋ, ಕಾಮಾಲೆ ಕಣ್ಲಾ" ಅಂದರು. ಯಜಮಾನರು ಅದನ್ನೂ ಸುಲಭಕ್ಕೆ ಒಪ್ಪಲಿಲ್ಲ. "ಪಿತ್ತಾನೇ ತೆಗ್ದವ್ರೆ, ಇವ್ಳಿಗೆಂಗವ್ವ ಕಾಮಾಲೆ ಬತ್ತದೆ?" ಅಂತ ತಾಯಿಯ ಜೊತೆ ವಾದಕ್ಕೆ ನಿಂತರು. ಕಣ್ಣು ಹಳದಿ ಕಾಣುತ್ತಿದ್ದರೂ ಅವರಿಗೆ ಲೆಕ್ಕ ಕೂಡಲಿಲ್ಲ.

ಕಾಮಾಲೆಗೆ ನಮ್ಮಲ್ಲಿ ಆಸ್ಪತ್ರೆಗೆ ಹೋಗುವ ರೂಢಿ ಕಡಿಮೆ. ಎನ್. ಬೇಗೂರಿನ ಕಡೆ ಒಬ್ಬ ಅಜ್ಜ ಔಷಧಿ ಸೊಪ್ಪಿನ ರಸ ಕೊಡುತ್ತಿದ್ದ. ಖಾಲಿ ಹೊಟ್ಟೆಗೆ ಮೂರು ದಿನ ಕುಡಿಯಬೇಕು, ಉಪ್ಪು ಖಾರ ಮುಟ್ಟಬಾರದು. ಬ್ಯಾರನ್ನಿನ ಬೆಂಕಿಯನ್ನು ಅತ್ತೆಗೆ ಒಪ್ಪಿಸಿ, ಮರುದಿನ ಬೆಳಿಗ್ಗೆ ಬೈಕಿನಲ್ಲಿ ಹೊರಟೆವು. ಕೋಟೆ ಪಟ್ಟಣ ದಾಟುವಷ್ಟರಲ್ಲಿ ನನಗೆ ಚಳಿಜ್ವರ ಏರಿ ಹಲ್ಲು ಕಟಕಟ ಅನ್ನುತ್ತಿತ್ತು. ಯಜಮಾನರ ಜೇಬಿನಲ್ಲಿ ಬಾಟಲಿ ಇತ್ತು.

ಅಜ್ಜ ಕಣ್ಣು ನೋಡಿದ, ಉಗುರು ನೋಡಿದ. ಹೊಟ್ಟೆಯ ಮೇಲಿನ ಗುರುತು ಏನೆಂದು ಕೇಳಿದ. ನಾನು ಬಾಯಿ ತೆರೆಯುವ ಮುಂಚೆ ಯಜಮಾನರು ಬಾಟಲಿ ಮುಂದಿಟ್ಟು "ಎಲ್ಲಾ ಕಲ್ಲೂ ತೆಗ್ದವ್ರೆ ಅಜ್ಜ, ಏನೂ ಉಳುದಿಲ್ಲ" ಅಂದರು. ಅಜ್ಜ ಬಾಟಲಿಯನ್ನು ಬೆಳಕಿಗೆ ಹಿಡಿದು ಹಿಂದಕ್ಕೆ ಕೊಟ್ಟ.

"ಒಳಗೆ ಉಳುದಿರೋ ಕಲ್ಲು ಈ ಬಾಟ್ಲಿಲಿ ಎಂಗಪ್ಪ ಕಾಣ್ತದೆ? ಈ ಚಳಿ ನನ್ನ ಸೊಪ್ಪಿಗೆ ಬಗ್ಗಾದಲ್ಲ. ಕರ್ಕೊಂಡೋಗು ಮೈಸೂರಿಗೆ. ಮನೆಗೋಗ್ಬ್ಯಾಡ, ಇಂಗೇ ಓಗು."

ಒಂದು ತೊಟ್ಟು ರಸವನ್ನೂ ಕೊಡಲಿಲ್ಲ. ಯಜಮಾನರು ಬೈಕನ್ನು ನೇರ ಮೈಸೂರಿನ ದಾರಿಗೆ ತಿರುಗಿಸಿದರು. ದಾರಿಯುದ್ದಕ್ಕೂ ಅದು ಹಳ್ಳ ಉಬ್ಬು ಒಂದನ್ನೂ ನೋಡದೆ ಓಡುತ್ತಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಗೊತ್ತಾಯಿತು: ಪಿತ್ತದ ಚೀಲ ತೆಗೆದರೂ ಪಿತ್ತ ಹರಿಯುವ ನಾಳ ಇದ್ದೇ ಇರುತ್ತದೆ, ಅದರಲ್ಲೊಂದು ಕಲ್ಲು ಸಿಕ್ಕಿಕೊಂಡು ಕೀವಾಗಿತ್ತು. ಅವತ್ತೇ ಬಾಯಿಯಿಂದ ಪೈಪು ಇಳಿಸಿ ಕಲ್ಲು ತೆಗೆದರು. ಮರುದಿನ ಡಾಕ್ಟರು ಬಂದು ನನ್ನ ಮೇಲೆ ರೇಗಿದರು. "ಇನ್ನೊಂದು ದಿನ ತಡವಾಗಿದ್ದರೆ ನಿಮ್ಮನ್ನು ಉಳಿಸೋದು ಕಷ್ಟವಿತ್ತು. ಇಷ್ಟು ದಿನ ಯಾಕಮ್ಮ ಸುಮ್ಮನಿದ್ದಿರಿ?"

ಪೈಪು ಇಳಿದಿದ್ದ ಗಂಟಲು ನೋಯುತ್ತಿತ್ತು, ಧ್ವನಿ ಹೊರಡಲಿಲ್ಲ. ಅಷ್ಟರಲ್ಲಿ ಮಂಚದ ಕಾಲ ಬಳಿ ನಿಂತಿದ್ದ ಯಜಮಾನರು ತಲೆ ತಗ್ಗಿಸಿಕೊಂಡೇ ಹೇಳಿದರು.

"ಅವ್ಳು ಸುಮ್ಕಿರ್ನಿಲ್ಲ ಸಾ. ದಿನಾ ಯೋಳ್ತಿದ್ಲು. ನಾನೇ ನಂಬ್ನಿಲ್ಲ."

ಅಷ್ಟು ದಿನ ಸಿಟ್ಟಿನಲ್ಲೇ ಇದ್ದವಳಿಗೆ ಆಗ ಅಳು ಬಂತು. ಡಾಕ್ಟರು ನೋವಿಗೆ ಅಂದುಕೊಂಡು ಇಂಜೆಕ್ಷನ್ ಬರೆದರು.