ಎರಡು ಭಾಗವಾದ ಕಾದಂಬರಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಆಕೆಗೆ ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ಪುಸ್ತಕವನ್ನೂ ಒಲೆಯ ಮುಂದೆ ನಿಂತೋ, ಬಸ್ಸಿನಲ್ಲಿ ಕಂಬಿ ಹಿಡಿದೋ ಓದುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವಳು, ಅತ್ತೆ ಇಬ್ಬರೇ. ಊಟ, ಔಷಧಿ ಬಿಟ್ಟರೆ ಅವರ ನಡುವೆ ಬೇರೆ ಮಾತಿರಲಿಲ್ಲ.

ಒಂದು ದಿನ ಕಡಲತೀರದ ದೀಪಸ್ತಂಭದ ಕಾವಲುಗಾರ ಕಾಣೆಯಾಗುವ ಕಾದಂಬರಿಯೊಂದನ್ನು ಅರ್ಧ ಓದಿ, ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋದಳು. ತಲೆ ತುಂಬ ಆ ಕಾವಲುಗಾರನೇ. ಅದೇ ಗುಂಗಿನಲ್ಲಿ ದಿಂಬಿನ ಚೀಲವೊಂದನ್ನು ಸುಟ್ಟು ಬೈಸಿಕೊಂಡಳು. ಸಂಜೆ ಓಡೋಡಿ ಬಂದರೆ ಪುಸ್ತಕ ಅತ್ತೆಯ ಕೈಯಲ್ಲಿತ್ತು.

"ಕೊಡಿ ಅತ್ತೆ, ನಾನು ಓದ್ತಿರೋದು ಅದು."

"ಇರು, ಈಗಷ್ಟೇ ಅವನ ನಾಯಿ ಸಿಕ್ಕಿದೆ." ಅತ್ತೆ ತಲೆ ಎತ್ತಲಿಲ್ಲ.

ಅವಳು ಬಾಗಿಲಿಗೂ ಕಿಟಕಿಗೂ ಓಡಾಡಿದಳು. ತಡೆಯಲಾಗದೆ ಚಾಕು ತಂದು, ಅತ್ತೆಯ ಕೈಯಿಂದ ಪುಸ್ತಕ ಕಿತ್ತುಕೊಂಡು, ತಾನು ಓದಿದ್ದಲ್ಲಿಗೆ ಅದನ್ನು ಎರಡು ಭಾಗ ಮಾಡಿದಳು. ಮೊದಲರ್ಧ ಅತ್ತೆಗೆ ಕೊಟ್ಟಳು.

"ನಿಂಗೇನು ತಲೆ ಕೆಟ್ಟಿದೆಯಾ?" ಎಂದ ಅತ್ತೆ ಓದು ಮಾತ್ರ ನಿಲ್ಲಿಸಲಿಲ್ಲ.

ಮರುದಿನ ಲಾಂಡ್ರಿಗೆ ಮನೆಯಿಂದ ಫೋನ್ ಬಂತು. ಅತ್ತೆಗೆ ಏನಾಯಿತೋ ಎಂದು ಅವಳು ಓಡಿ ಹೋಗಿ ಎತ್ತಿಕೊಂಡಳು.

"ಉಳಿದರ್ಧ ಎಲ್ಲಿಟ್ಟಿದೀಯ? ಮನೆಯೆಲ್ಲ ಜಾಲಾಡಿದೆ."

"ನನ್ನ ಬ್ಯಾಗಲ್ಲಿದೆ ಅತ್ತೆ."

"ಸಂಜೆವರೆಗೂ ಕಾಯಕ್ಕಾಗಲ್ಲ. ಓದು, ಕೇಳಿಸ್ಕೋತೀನಿ."

ಊಟದ ಬಿಡುವಿಗೆ ಇನ್ನೂ ಸಮಯವಿತ್ತು. ಆದರೂ ಅವಳು ಇಸ್ತ್ರಿಪೆಟ್ಟಿಗೆ ಆರಿಸಿ, ಒಗೆದ ಹಾಸುಗಳ ರಾಶಿಯ ಮೇಲೆ ಕೂತು, ದನಿ ತಗ್ಗಿಸಿ ಓದತೊಡಗಿದಳು.