ಕೋಟೆ ಕೆಳಗಿನ ಹರಾಜಿನ ಮನೆ

ಬಳ್ಳಾರಿಯಲ್ಲಿ ಸ್ವಂತ ಮನೆಗೆ ಬಂದ ಮೊದಲ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ, ಹೊಸ್ತಿಲ ಮುಂದೆ ಗುರುತಿಲ್ಲದ ಒಬ್ಬ ಅಜ್ಜಿ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಹಾಕುತ್ತಿದ್ದರು. ಗುಡಿಸಿ ನೀರು ಚಿಮುಕಿಸಿದ್ದೂ ಆಗಿತ್ತು. ತಲೆಯೆತ್ತಿ ನನ್ನನ್ನು ನೋಡಿ, "ತುಳೀಬ್ಯಾಡ್ರಿ, ಇನ್ನೊಂದ್ ಎಳಿ ಐತಿ" ಅಂದರು. ನನ್ನದೇ ಹೊಸ್ತಿಲಲ್ಲಿ ನಾನು ಅಪ್ಪಣೆಗೆ ಕಾದು ನಿಂತೆ. ಎಳೆ ಮುಗಿಸಿ, ಪುಡಿಯ ಡಬ್ಬಿ ಎತ್ತಿಕೊಂಡು ಅವರು ಹೊರಟುಹೋದರು.

ಎದುರು ಮನೆಯ ಹೆಂಗಸನ್ನು ಕೇಳಿದೆ, ಯಾರವರು ಅಂತ.

"ಗಂಗಮ್ಮ. ಮನಿ ಆಕೀದ ಅಲ್ಲೇನ್ರಿ?"

ನೋಂದಣಿಯಾದ ಕಾಗದ ಒಳಗೆ ಟ್ರಂಕಿನಲ್ಲಿತ್ತು. ಅದರಲ್ಲಿ ನನ್ನ ಹೆಸರಿತ್ತು: ಶಮಾ, ಸಾಕಿನ್ ರಾರಾವಿ. ಸಾಕಿನ್ ಅಂದರೆ ವಾಸದ ಊರು.

ರಾರಾವಿಯ ನನ್ನ ಜನ ಇದನ್ನು ಓದಿ ನಗಬಹುದು. ಅರವತ್ತು ಎಪ್ಪತ್ತು ಕಿಲೋಮೀಟರು ಹೋದದ್ದನ್ನೂ ವಲಸೆ ಅನ್ನುತ್ತಾರೇನು ಅಂತ. ನಾನೂ ಹಾಗೇ ಅಂದುಕೊಂಡು ಸಿರುಗುಪ್ಪದ ಮೇಲೆ ಬಳ್ಳಾರಿಗೆ ಬರುವ ಬಸ್ಸು ಹತ್ತಿದ್ದೆ. ಗಂಡ ಖಾಜಾನಿಗೆ ಇಲ್ಲಿನ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸ, ನನಗೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸ ಸಿಕ್ಕಿತ್ತು. ಸಿಗದೆ ಹೋದದ್ದು ಮನೆ. ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಮೊದಲು ನೀರು ಕೊಟ್ಟು, ಆಮೇಲೆ ಯಾಕೆ ಬಂದಿರಿ ಅಂತ ಕೇಳುತ್ತಾರೆ. ಇಲ್ಲಿ ಮೊದಲು ಹೆಸರು ಕೇಳುತ್ತಿದ್ದರು. ಹೆಸರು ಹೇಳಿದೊಡನೆ, "ಅಯ್ಯ, ನಿನ್ನೇನ ಕೊಟ್ಟಬಿಟ್ವಿರಿ" ಅನ್ನುತ್ತಿದ್ದರು. ಬಾಡಿಗೆಗೆ ಇದೆ ಎಂಬ ಹಲಗೆ ಮಾತ್ರ ಮರುವಾರವೂ ಅಲ್ಲೇ ನೇತಾಡುತ್ತಿತ್ತು. ಕೊನೆಗೆ ಘಟಕದ ಹಿಂದಿನ ಒಂದು ಕೋಣೆ ಸಿಕ್ಕಿತು. ಚರಂಡಿಯಲ್ಲಿ ಬಟ್ಟೆ ತೊಳೆದ ನೀಲಿ ನೀರು ಹರಿಯುತ್ತಿತ್ತು. ಎರಡು ವರ್ಷ ಅಲ್ಲಿದ್ದೆವು.

ಗ್ರಂಥಾಲಯದಲ್ಲಿ ಹಿಂದಿನ ವಾರದ ಪತ್ರಿಕೆಗಳನ್ನು ಕಟ್ಟಿಡುವಾಗ ಬ್ಯಾಂಕಿನ ಹರಾಜಿನ ಜಾಹೀರಾತೊಂದು ಕಣ್ಣಿಗೆ ಬಿತ್ತು. ಸಾಲ ತೀರದ ಮನೆಗಳನ್ನು ಬ್ಯಾಂಕು ವಶಕ್ಕೆ ತೆಗೆದುಕೊಂಡು ಮಾರುತ್ತದೆ. ಕೋಟೆ ಗುಡ್ಡದ ಕೆಳಗೆ, ಗೋಡೆಗೆ ಗೋಡೆ ಅಂಟಿದ ಹಳೆಯ ಓಣಿಯಲ್ಲಿ ಎರಡು ಕೋಣೆಯ ಮನೆ. 'ಇದ್ದಲ್ಲಿ ಇದ್ದಂತೆ' ಅಂತ ಬರೆದಿತ್ತು. ಅಂದರೆ ಸೋರಿದರೂ ಬಿರುಕು ಬಿಟ್ಟರೂ ಬ್ಯಾಂಕನ್ನು ಕೇಳುವ ಹಾಗಿಲ್ಲ. ಬೀಗ ಬಿದ್ದಿದ್ದ ಆ ಮನೆಯನ್ನು ನಾವು ಹೊರಗಿನಿಂದ, ಕಿಟಕಿಯ ಸಂದಿಯಲ್ಲಿ ನೋಡಿದೆವು.

ನಮ್ಮೂರಲ್ಲಿ ಹರಾಜು ಅಂದರೆ ಗದ್ದಲ. ಪಂಚಾಯಿತಿಯ ಹುಣಸೆ ಮರ ಹರಾಜಿಗೆ ಬಂದರೆ ಕೂಗುವವರು, ತಡೆಯುವವರು, ಮೀಸೆ ತಿರುವುವವರು. ಇಲ್ಲಿ ಹರಾಜು ಆನ್‌ಲೈನಿನಲ್ಲಿ; ಸೈಬರ್ ಅಂಗಡಿಯ ಕಂಪ್ಯೂಟರಿನ ಮುಂದೆ ನಾನೂ ಖಾಜಾನೂ ಪರದೆಯ ಅಂಕಿ ನೋಡುತ್ತಾ ಕೂತಿದ್ದೆವು. ಯಾರೂ ಕೂಗಲಿಲ್ಲ. ಯಾರೂ ನಮ್ಮ ಹೆಸರು ಕೇಳಿ ಮುಖ ತಿರುಗಿಸಲಿಲ್ಲ. ಮನೆ ನಮಗೆ ಬಂತು. ತವರಿನವರು ನನ್ನ ಪಾಲಿಗೆ ಕೊಟ್ಟಿದ್ದ ಹೊಳೆದಂಡೆಯ ಗದ್ದೆ ಅದಕ್ಕೆ ಹೋಯಿತು. ಇನ್ನು ರಾರಾವಿಯಲ್ಲಿ ನನ್ನದು ಅನ್ನುವ ನೆಲ ಇರಲಿಲ್ಲ.

ಗಂಗಮ್ಮ ಪಕ್ಕದ ಓಣಿಯಲ್ಲಿ ಮಗನೊಂದಿಗೆ ಬಾಡಿಗೆ ಮನೆಯಲ್ಲಿದ್ದರು. ದಿನಾ ಬೆಳಿಗ್ಗೆ ಬರುತ್ತಿದ್ದರು. ಖಾಜಾ ನಕ್ಕು, "ಬರ್ಲಿ ಬಿಡು, ಬಾಗ್ಲ ಚಂದ ಕಾಣ್ತೈತಿ" ಅಂದ. ನನಗೂ ಅಭ್ಯಾಸವಾಗುತ್ತಿತ್ತು. ಅಷ್ಟರಲ್ಲಿ ಕೋರ್ಟಿನ ಕಾಗದ ಬಂತು. ತಾಯಿಯಿಂದ ಹೆಬ್ಬಟ್ಟು ಒತ್ತಿಸಿ ಮನೆ ಅಡವಿಟ್ಟು ಸಾಲ ತೆಗೆದಿದ್ದವನು ಅವರ ಮಗ. ಮನೆ ತಾಯಿಯ ಹೆಸರಿನಲ್ಲಿತ್ತು, ತಾಯಿಗೆ ಬ್ಯಾಂಕಿನ ನೋಟಿಸೇ ಬಂದಿಲ್ಲ, ಆದ್ದರಿಂದ ಹರಾಜು ರದ್ದಾಗಬೇಕು ಎಂದು ಅವನು ಕೇಸು ಹಾಕಿದ್ದ.

ನಮ್ಮ ವಕೀಲರು ಎಲ್ಲ ಕೇಳಿ ಕೊನೆಗೆ ಅಂದರು: "ಆ ಮುದುಕಿನ್ನ ಬಾಗ್ಲಿಗೆ ಬಿಡಬ್ಯಾಡ್ರಿ. ದಿನಾ ರಂಗೋಲಿ ಹಾಕೋದನ್ನ ಫೋಟೋ ತಗೊಂಡು, ಮನಿ ಇನ್ನಾ ನಮ್ಮ ಕೈಯಾಗ ಐತಿ ಅಂತಾರ."

ಆ ಮಾತು ಕೇಳಿದ ಮೇಲೆ ರಂಗೋಲಿಯ ಚುಕ್ಕಿ ಕಂಡೊಡನೆ, ಯಾರಾದರೂ ಫೋಟೋ ತೆಗೆಯುತ್ತಿದ್ದಾರೇನೋ ಅಂತ ಓಣಿಯ ಎರಡೂ ತುದಿ ನೋಡತೊಡಗಿದೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ, ಪುಸ್ತಕದ ಕಪಾಟುಗಳ ನಡುವೆ, ಮನಸ್ಸಿನಲ್ಲೇ ಹತ್ತು ಸಲ ಹೇಳಿ ನೋಡಿದೆ. ಒಂದು ಬೆಳಿಗ್ಗೆ ಹೇಳಿಯೇಬಿಟ್ಟೆ.

"ಅಮ್ಮಾ, ನಾಳಿಂದ ಇಲ್ಲಿ ರಂಗೋಲಿ ಹಾಕಬ್ಯಾಡ್ರಿ."

ಅವರು ಕೈ ತಡೆದು ಕೇಳಿದರು: "ಯಾಕ, ಚಲೋ ಆಗಿಲ್ಲೇನು?"

"ಹಂಗಲ್ಲರಿ. ನಿಮ್ಮ ಮಗ ಕೇಸ್ ಹಾಕ್ಯಾನ. ವಕೀಲ್ರು ಬ್ಯಾಡ ಅಂದಾರ."

"ಕೇಸು ಅವಂದು. ನನಗ ಬೆಳಗಾದ್ರ ಕಾಲು ತಾವ ಇಲ್ಲಿಗೆ ಬರ್ತಾವ, ಯಮ್ಮಾ." ಆಮೇಲೆ ಅರ್ಧ ಆಗಿದ್ದ ರಂಗೋಲಿಯನ್ನು ಅಂಗೈಯಿಂದ ಒರೆಸಿ ಎದ್ದು ಹೋದರು.

ಮಾರನೆಯ ದಿನದಿಂದ ಓಣಿ ನಮ್ಮೊಂದಿಗೆ ಮಾತು ಬಿಟ್ಟಿತು. ನಮ್ಮೂರಲ್ಲಿ ಹೊಳೆ ಹಿತ್ತಲಿಗೆ ಬಂದಂತಿದೆ. ಇಲ್ಲಿ ನಳದಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. ಮೊದಲೆಲ್ಲ ಎದುರು ಮನೆಯಾಕೆ "ನೀರ್ ಬಂತ್ರೀ" ಅಂತ ಕೂಗುತ್ತಿದ್ದಳು. ಈಗ ಕೂಗಲಿಲ್ಲ. ಎರಡು ಸಲ ನೀರು ಬಂದು ಹೋದದ್ದು ಅಕ್ಕಪಕ್ಕದ ಒದ್ದೆ ಅಂಗಳ ನೋಡಿದಾಗ ಗೊತ್ತಾಯಿತು. ಫೋನು ಸದ್ದಾದರೆ ವಕೀಲರದೇನೋ ಅಂತ ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಮನೆ ಹೋದರೆ ಎಲ್ಲಿಗೆ ಹೋಗುವುದು? ಗದ್ದೆ ಕೊಂಡವರು ಆಗಲೇ ನಾಟಿ ಹಾಕಿದ್ದರು.

ಒಂದು ಭಾನುವಾರ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಗಂಗಮ್ಮ ಬಂದರು. ಬಾಗಿಲಲ್ಲೇ ನಿಂತಿದ್ದರು. "ಒಳಗ ಬರ್ರಿ" ಅಂದೆ. ಅಡುಗೆಮನೆಯ ತಗ್ಗು ಬಾಗಿಲಲ್ಲಿ, ಮೂರು ತಿಂಗಳಿಂದ ನಾನು ದಿನಾ ಹಣೆ ಬಡಿದುಕೊಳ್ಳುತ್ತಿದ್ದ ಜಾಗದಲ್ಲಿ, ಅವರು ನೋಡದೆಯೇ ತಲೆ ಬಗ್ಗಿಸಿ ಒಳಗೆ ಬಂದು ಗೋಡೆಗೊರಗಿ ಕೂತರು.

"ನೋಟಿಸು ಬಂದಿತ್ತು" ಅಂದರು. "ಪೋಸ್ಟಿನಾವ ನನ್ನ ಕೈಯಾಗ ಕೊಟ್ಟಾನ, ನಾನ ಹೆಬ್ಬಟ್ಟು ಒತ್ತೀನಿ. ಬಂದಿಲ್ಲ ಅಂತ ಹೇಳು ಅಂತಾನ ಮಗ. ಒಲ್ಲೆ ಅಂದೀನಿ. ನಿಮ್ಮ ವಕೀಲ್ರು ಎಲ್ಲಿ ಅದಾರ, ಕರಕೊಂಡು ಹೋಗ್ರಿ."

ಖಾಜಾ ತುತ್ತನ್ನು ತಟ್ಟೆಗಿಟ್ಟು ಅಂದ: "ಅಮ್ಮಾ, ಬಂದಿಲ್ಲ ಅಂತ ಹೇಳಿದ್ರ ಮನಿ ನಿಮಗ ವಾಪಸ್ ಬರ್ತಿತ್ತೋ ಏನೋ."

"ಬರ್ತಿತ್ತು. ಬಂದ್ರ ಮತ್ತ ಅಡ ಇಡ್ತಿದ್ದ."

ಅನ್ನ ಬಡಿಸಿದೆ. ಬೇಡ ಅನ್ನಲಿಲ್ಲ.

ಕೋರ್ಟಿನಲ್ಲಿ ಅವರ ಹೇಳಿಕೆಯಾದ ಮೇಲೆ ಕೇಸು ಬಿದ್ದುಹೋಯಿತು. ಅದೇ ವಾರ ಮಗ ತಾಯಿಯನ್ನು ಕುರುಗೋಡಿನಲ್ಲಿರುವ ಅವರ ತಂಗಿಯ ಮನೆಗೆ ಬಿಟ್ಟುಬಂದ. ಸುದ್ದಿ ತಂದವಳು ಎದುರು ಮನೆಯಾಕೆ. "ನಿಮ್ಮ ಸಲುವಾಗಿ ಆಕಿ ಓಣಿ ಬಿಟ್ಲು ನೋಡ್ರಿ" ಅಂದಳು. ದನಿಯಲ್ಲಿ ಸಿಟ್ಟಿತ್ತು. ಆದರೂ ಎರಡು ದಿನ ಬಿಟ್ಟು ನಮ್ಮ ಬಾಗಿಲು ತಟ್ಟಿ, "ನೀರ್ ಬಂತ್ರೀ" ಅಂತ ಕೂಗಿದಳು. ಅಷ್ಟು ದಿನ ಆ ಕೂಗಿಗಾಗಿ ಹಂಬಲಿಸಿದ್ದೆ. ಕೊಡ ಹಿಡಿದು ಓಡಿದೆ, ಆದರೆ ಮನಸ್ಸು ಅರಳಲಿಲ್ಲ.

ಈಗ ರಾರಾವಿಗೆ ಹೋದರೆ, "ಬಳ್ಳಾರ್ಯವ್ರು ಬಂದ್ರು" ಅಂತ ನನಗೆ ಕುರ್ಚಿ ಹಾಕುತ್ತಾರೆ. ಮೊದಲು ನಾನು ನೇರವಾಗಿ ಒಲೆಯ ಮುಂದೆ ಹೋಗಿ ಕೂರುತ್ತಿದ್ದೆ.

ಕಳೆದ ತಿಂಗಳು ಗಂಗಮ್ಮನ ಪಿಂಚಣಿಯ ಕಾಗದವೊಂದು ನಮ್ಮ ವಿಳಾಸಕ್ಕೆ ಬಂತು. ಕೊಟ್ಟುಬರೋಣ ಎಂದು ಕುರುಗೋಡಿಗೆ ಹೋದೆ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಕಾಗದವನ್ನು ತೊಡೆಯ ಕೆಳಗಿಟ್ಟುಕೊಂಡು ಮೊದಲು ಹೇಳಿದ್ದು ಹಿತ್ತಲ ಗೋಡೆಯ ಬಗ್ಗೆ: "ಮಳೀಗೆ ಸೋರತೈತಿ, ಮ್ಯಾಲಿನ ಕಲ್ಲು ಸರಿಸಿ ಗಾರಿ ಹಾಕ್ಸು." ನಾನು ಹೂಂ ಹೂಂ ಅಂತ ಕೇಳಿಸಿಕೊಂಡೆ.

ಪಕ್ಕದ ಮನೆಯಾಕೆ ಬಗ್ಗಿ ನೋಡಿದಳು. "ಯಾರಬೇ ಇವ್ರು?"

"ಬಳ್ಳಾರ್ಯಾಗ ನಮ್ಮ ಮನಿ ಐತಲ್ಲ, ಅಲ್ಲಿ ಇರ್ತಾರ" ಅಂದರು ಗಂಗಮ್ಮ.

"ಬಾಡಿಗಿಗೇನ್ರಿ?" ಅಂತ ಆಕೆ ನನ್ನನ್ನೇ ಕೇಳಿದಳು.

ಗಂಗಮ್ಮ ತಲೆ ತಗ್ಗಿಸಿ ಶೇಂಗಾ ಸುಲಿಯುತ್ತಿದ್ದರು.

"ಹೌದ್ರಿ" ಅಂದೆ. ಸುಳ್ಳು ಹೇಳಿದೆ ಅಂತ ನನಗೆ ಅನ್ನಿಸಲಿಲ್ಲ.